ಆಷಾಢದ ನವೆ

ಇಲ್ಲಿ ಬರೆಯುತ್ತಿರುವುದೆಲ್ಲ ನಾನು ಹೇಳುವ ಹಾಗೆಯೇ ನಡೆಯಿತೋ ಇಲ್ಲವೋ ನನಗೆ ಖಾತ್ರಿಯಿಲ್ಲ. ಹೆಂಡತಿಯನ್ನು ಕೇಳಿದರೆ ಅರ್ಧ ಸರಿ, ಇನ್ನರ್ಧ ನೀವೇ ಕಟ್ಟಿಕೊಂಡಿದ್ದು ಎನ್ನುತ್ತಾಳೆ. ಯಾವ ಅರ್ಧ ಎಂದರೆ ಹೇಳುವುದಿಲ್ಲ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಅವಳಿಗಾಗಿ ಕಾಯುತ್ತಿದ್ದಾಗ ಮಳೆ ಹನಿಯುತ್ತಿತ್ತು ಎಂದು ನನ್ನ ನೆನಪು. ಮಳೆಯೇ ಇರಲಿಲ್ಲ, ಬಿಸಿಲಿಗೆ ಕರ್ಚೀಫನ್ನು ತಲೆ ಮೇಲೆ ಹಾಕಿಕೊಂಡು ನಿಂತಿದ್ದಿರಿ ಎಂದು ಅವಳ ನೆನಪು. ಕರ್ಚೀಫನ್ನು ಮಳೆಗೂ ಹಾಕಿಕೊಳ್ಳಬಹುದಲ್ಲ ಎಂದು ನಾನು ವಾದಿಸುತ್ತೇನೆ. ಹೀಗೇ ಹತ್ತು ವರ್ಷ ಕಳೆದಿದೆ.

ನಾನು ಭೌತಶಾಸ್ತ್ರ ಓದಿದವನು. ಕೆ.ಆರ್. ನಗರದಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಯಾವುದೇ ಅಳತೆಯ ಪಕ್ಕದಲ್ಲಿ ಅದು ಎಷ್ಟು ತಪ್ಪಿರಬಹುದು ಎಂಬುದನ್ನೂ ಬರೆಯದಿದ್ದರೆ ಅದು ಅಳತೆಯೇ ಅಲ್ಲ ಎಂದು ವರ್ಷ ವರ್ಷವೂ ಹೊಸ ಮಕ್ಕಳಿಗೆ ಹೇಳಿಕೊಡುತ್ತೇನೆ. ನನ್ನದೇ ಬದುಕನ್ನು ನೆನಪು ಮಾಡಿಕೊಳ್ಳಲು ಕೂತರೆ ಆ ಪಕ್ಕದ ಅಂಕಿಯೇ ದೊಡ್ಡದಾಗಿಬಿಡುತ್ತದೆ.

ಇಷ್ಟನ್ನು ಮಾತ್ರ ಇಬ್ಬರೂ ಒಪ್ಪುತ್ತೇವೆ. ಮದುವೆಯಾದ ವರ್ಷ ಅವಳು ಆಷಾಢಕ್ಕೆಂದು ತವರಿಗೆ ಹೋದಳು. ಆಷಾಢ ಮುಗಿದ ಮೇಲೂ ಬರಲಿಲ್ಲ. ಅವಳಿಗೆ ಯೋನಿಯಲ್ಲಿ ಯೀಸ್ಟ್ ಸೋಂಕಾಗಿತ್ತು. ಅಂಥದ್ದೊಂದು ಇದೆ, ಅದಕ್ಕೆ ಹೆಸರಿದೆ, ಮಾತ್ರೆಯಿದೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ವಾಸಿಯಾಗುವ ತನಕ ನನ್ನ ಹತ್ತಿರ ಬರಬಾರದು ಎಂದು ಅವಳು ತೀರ್ಮಾನ ಮಾಡಿಕೊಂಡಿದ್ದಳು. ಕಾರಣ ತಿಳಿಯದ ನಾನು, ಇವಳಿಗೆ ನಾನು ಬೇಡವಾಗಿದ್ದೇನೆ, ಇನ್ನು ಬರುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡಿದ್ದೆ.

ಇದನ್ನು ಬರೆಯಲಾ ಎಂದು ಕೇಳಿದ್ದಕ್ಕೆ, ಬರೀರಿ, ಹೆಸರು ಮಾತ್ರ ಬೇಡ, ಓದಿದವರಲ್ಲಿ ಒಬ್ಬಳಾದರೂ ಬಿಸಿನೀರಿಗೆ ಔಷಧಿ ಸುರಿದುಕೊಳ್ಳುವುದನ್ನು ಬಿಟ್ಟರೆ ಸಾಕು ಎಂದಳು. ಬಿಸಿನೀರಿನ ವಿಷಯ ಮುಂದೆ ಬರುತ್ತದೆ.

ನಮ್ಮದು ಕೆ.ಆರ್. ನಗರದ ಹತ್ತಿರದ ಮಿರ್ಲೆ. ಅವಳದು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ. ನಮ್ಮ ಕಡೆ ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅದಕ್ಕೆ ಸೊಸೆ ತವರಿಗೆ ಹೋಗುತ್ತಾಳೆ. ಇದಕ್ಕೆ ಏನು ಆಧಾರ ಎಂದು ನಾನು ಅಮ್ಮನ ಜೊತೆ ವಾದಕ್ಕೆ ಇಳಿದೆ. ಹೊಸ ಹೆಣ್ಣು ಸ್ವಲ್ಪ ದಿನ ತವರಲ್ಲಿ ಸುಖವಾಗಿರಲಿ ಅಂತ ಹಿಂದಿನವರು ಮಾಡಿದ್ದಾರೆ, ನಿನಗೇನು ಕಷ್ಟ ಎಂದಳು. ಹಾಗಾದರೆ ನಾನೇ ಆಗಾಗ ಹೋಗಿ ನೋಡಿಕೊಂಡು ಬರುತ್ತೇನೆ ಎಂದೆ.

"ನೀನೂ ಓಗಂಗಿಲ್ಲ ಕಣ್ಲಾ. ನಂಗೊಂದು ಒಸ್ಲು, ಅವ್ರಮ್ಮಂಗೆ ಬ್ಯಾರೆ ಒಸ್ಲಾ? ಅತ್ತೆ ಅಂದ್ರೆ ಅತ್ತೆಯ."

ಅಮ್ಮನ ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಆ ವರ್ಷ ಅಧಿಕ ಮಾಸ ಬಂದು ಆಷಾಢವೇ ಎರಡಾಗಿತ್ತು, ಎರಡಕ್ಕೂ ಅವಳು ತವರಲ್ಲೇ ಇದ್ದಳು ಎಂದು ನನ್ನ ನೆನಪು. ಅಧಿಕವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಅಮ್ಮ ದೇವಸ್ಥಾನದ ಐನೋರನ್ನು ಕೇಳಿದ್ದು, ಅವರು ಎಲೆಯಡಿಕೆ ಉಗಿದು ಬಂದು ಅದೂ ಆಷಾಢವೇ ತಾಯಿ ಎಂದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಹೆಂಡತಿ ಒಪ್ಪುವುದಿಲ್ಲ. ಆಷಾಢ ಒಂದೇ, ಮಿಕ್ಕಿದ್ದು ನಾನು ಶ್ರಾವಣದಲ್ಲಿ ಉಳಿದುಕೊಂಡದ್ದು, ಕಾಯುವವರಿಗೆ ತಿಂಗಳು ಉದ್ದ ಕಾಣುತ್ತೆ ಎನ್ನುತ್ತಾಳೆ. ಅಮ್ಮನನ್ನು ಕೇಳಿದರೆ ನೆಪ್ಪಿಲ್ಲ ಕಣಪ್ಪ ಎನ್ನುತ್ತಾಳೆ. ಕಣ್ಣಿಗೆ ಕಟ್ಟಿದ ಹಾಗಿರುವುದೆಲ್ಲ ನಡೆದಿರಲೇಬೇಕು ಎಂದೇನೂ ಇಲ್ಲ. ಇದನ್ನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ.

ಮದುವೆಯಾಗಿ ನಾವು ಒಟ್ಟಿಗಿದ್ದದ್ದೇ ಸ್ವಲ್ಪ ದಿನ. ನಿಜವಾದ ಪರಿಚಯ ಆದದ್ದು ಫೋನಿನಲ್ಲಿ. ಅವಳ ತವರಿನಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಬ್ಯಾರನ್ನಿನ ಹಿಂದೆ, ಸೌದೆ ಒಟ್ಟಿದ್ದ ಜಾಗದಲ್ಲಿ ಮಾತ್ರ. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಎತ್ತರದ ಕಟ್ಟಡ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರ ಮನೆ ಹತ್ತಿರ ಒಂದು ನಿಂತೇ ಇರುತ್ತದೆ. ಸಂಜೆ ಅವಳು ಸೌದೆಯ ಮೇಲೆ ಕೂತು ಮಾತಾಡುತ್ತಿದ್ದಳು. ಮನೆಯವರೆಲ್ಲರ ಅಣಕ ಮಾಡುತ್ತಿದ್ದಳು. ಅದರಲ್ಲೂ ಅವಳ ಸೋದರತ್ತೆಯದು ಬಹಳ ಚೆನ್ನಾಗಿ ಬರುತ್ತಿತ್ತು. ಈ ಅತ್ತೆಯನ್ನು ಎಚ್.ಡಿ. ಕೋಟೆಗೆ ಕೊಟ್ಟಿದ್ದರು. ಗಂಡ ಹೋದ ಮೇಲೆ ಅಣ್ಣನ ಮನೆಗೇ ಬಂದಿದ್ದರು. ಎಲ್ಲರಿಗೂ ಅವರು ಕೋಟೆ ಅತ್ತೆ. ಮನೆಯ ಅಡುಗೆ, ಹಸುಕರು, ಹೆಂಗಸರ ಕಾಯಿಲೆ, ಮೂರೂ ಅವರ ಕೈಯಲ್ಲೇ.

ಆಮೇಲೆ ಅವಳಿಗೆ ದವಡೆ ಹಲ್ಲು ಊದಿಕೊಂಡಿತು. ಹುಣಸೂರಿನಲ್ಲಿ ತೋರಿಸಿದಳು, ಮಾತ್ರೆ ಕೊಟ್ಟರು, ಇಳಿಯಿತು. ಮತ್ತೆ ಊದಿಕೊಂಡಾಗ ಅವಳ ಅಣ್ಣ ಯಾರನ್ನೂ ಕೇಳದೆ ಮೆಡಿಕಲ್ ಸ್ಟೋರಿನಿಂದ ಅದೇ ಮಾತ್ರೆಯನ್ನು ಇನ್ನೊಂದು ಸಲ ತಂದುಕೊಟ್ಟ. ಹಲ್ಲು ಸುಮ್ಮನಾಯಿತು. ಅಷ್ಟರಲ್ಲಿ ಮೊದಲ ಕೊಯ್ಲು ಬಂದು ಬ್ಯಾರನ್ನಿಗೆ ಬೆಂಕಿ ಹಾಕಿದ್ದರು. ಹೆಂಗಸರೆಲ್ಲ ಬ್ಯಾರನ್ನಿನ ಬಾಗಿಲಲ್ಲಿ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದರು. ಇವಳೂ ಕೂತಳು. ಬೆಳಿಗ್ಗೆ ಹೊಲದಲ್ಲಿ ನೆನೆದ ಲಂಗದಲ್ಲೇ ಮಧ್ಯಾಹ್ನದವರೆಗೂ ಕೂರುವುದು ಅಲ್ಲಿ ಎಲ್ಲರಿಗೂ ಅಭ್ಯಾಸ.

ಅಲ್ಲಿಂದ ಅವಳ ಫೋನು ಚಿಕ್ಕದಾಗುತ್ತ ಹೋಯಿತು. ಅಣಕ ನಿಂತುಹೋಯಿತು. ಹೂಂ, ಊಟ ಆಯ್ತು, ಇಡ್ತೀನಿ, ಇಷ್ಟೇ. ಶ್ರಾವಣ ಬಂತು. ಯಾವಾಗ ಬರುತ್ತೀ ಎಂದರೆ ವರಮಹಾಲಕ್ಷ್ಮಿ ಕಳೆಯಲಿ ಎಂದಳು. ಅದು ಕಳೆದ ಮೇಲೆ ಗೌರಿ ಹಬ್ಬ ಮುಗಿಸಿಕೊಂಡೇ ಬಂದರೆ ಆಗಲ್ವಾ ಎಂದಳು. ನಮ್ಮ ಕಡೆ ಹೆಣ್ಣು ತವರಲ್ಲಿ ಉಳಿಯುವುದಕ್ಕೆ ಹಬ್ಬಗಳು ಸಾಲಾಗಿ ನಿಂತಿರುತ್ತವೆ, ನೆಪಕ್ಕೆ ಬರವಿಲ್ಲ.  ಅಮ್ಮ ಊಟಕ್ಕೆ ಬಡಿಸುವಾಗ ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿ ನೋಡುತ್ತಿದ್ದಳು. ನಾನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಅರ್ಧ ಸಮೀಕರಣ ಬರೆದು ನಿಂತುಬಿಡುತ್ತಿದ್ದೆ. ಒಟ್ಟಿಗಿದ್ದ ಆ ಸ್ವಲ್ಪ ದಿನಗಳನ್ನು ತಿರುಗಾ ಮುರುಗಾ ನೆನೆಸಿಕೊಂಡು, ಎಲ್ಲಿ ತಪ್ಪು ಮಾತಾಡಿದೆ ಎಂದು ಹುಡುಕುತ್ತಿದ್ದೆ. ಮಾತು ಮಾತಿಗೂ ಪುರಾವೆ ಕೇಳುವ ಗಂಡ ಯಾರಿಗೆ ಬೇಕು ಎಂದೂ ಅನ್ನಿಸಿತು.

ಆ ಹೊತ್ತಿನಲ್ಲಿ ಕಟ್ಟೆಮಳಲವಾಡಿಯಲ್ಲಿ ಏನಾಗುತ್ತಿತ್ತು ಎಂಬುದು ನನಗೆ ಆಮೇಲೆ ಅವಳಿಂದಲೇ ತಿಳಿದದ್ದು, ಹಾಗಾಗಿ ಈ ಭಾಗದಲ್ಲಿ ತಪ್ಪಿದ್ದರೆ ಅದು ಅವಳದು. ಅವಳಿಗೆ ಕೆಳಗೆ ನವೆ ಶುರುವಾಯಿತು. ಮೊದಲು ಬೆವರಿನ ನವೆ ಎಂದುಕೊಂಡಳು. ಆಮೇಲೆ ಉರಿ, ಊತ, ಗಟ್ಟಿಯಾಗಿ ಬಿಳಿಯದು ಹೋಗುವುದು. ಮೂತ್ರ ಮಾಡಿದರೆ ಹೊರಗಿನ ಚರ್ಮ ಚುರುಚುರು. ತಾಯಿಗೆ ಹೇಳಲು ನಾಚಿಕೆ. ಕೋಟೆ ಅತ್ತೆಗೆ ಹೇಳುವುದೇ ಬೇಕಾಗಲಿಲ್ಲ. ಇವಳು ಕೂರುವ ರೀತಿ ನೋಡಿಯೇ ಅವರು ಕಂಡುಹಿಡಿದರು.

"ಬ್ಯಾರನ್ ಬಾಗ್ಲಲ್ಲಿ ಕೂತು ಸೊಪ್ಪು ಕಟ್ಟಿದ್ದೀಯಲ್ಲ, ಕಾವು ಒಳಕ್ಕೆ ಒಡ್ದದೆ ಕಣವ್ವ."

ಹೊಗೆಸೊಪ್ಪಿನ ಮನೆಗಳಲ್ಲಿ ಕೊಯ್ಲಿನ ಕಾಲಕ್ಕೆ ಹೆಂಗಸರಿಗೆ ಏನೇ ಆದರೂ ಅದು ಬ್ಯಾರನ್ ಕಾವು. ಬಿಳುಪು ಹೋದರೆ ಕಾವು, ಸೊಂಟ ನೋವಿಗೆ ಕಾವು, ಮುಟ್ಟು ಹಿಂದೆ ಮುಂದೆ ಆದರೂ ಕಾವು. ಸರಿ, ತಂಪು ಮಾಡುವ ಕೆಲಸ ಶುರುವಾಯಿತು. ನೆತ್ತಿಗೆ ಹರಳೆಣ್ಣೆ, ಬೆಳಿಗ್ಗೆ ಮಜ್ಜಿಗೆಯಲ್ಲಿ ನೆನೆಸಿದ ಮೆಂತ್ಯ, ಮಲಗಲು ಬರಿ ನೆಲ. ಬ್ಯಾರನ್ನಿನ ಹತ್ತಿರ ಸುಳಿಯಕೂಡದು. ಹಾಗಾಗಿ ಸೌದೆ ಒಟ್ಟಿದ ಜಾಗವೂ ಇಲ್ಲ, ಅತ್ತೆಯ ಕಣ್ಣು ತಪ್ಪಿಸಿ ಹೋದಾಗ ಒಂದೆರಡು ಮಾತು ಬಿಟ್ಟರೆ ಫೋನೂ ಇಲ್ಲ. ಇವಳು ತನ್ನ ಬುದ್ಧಿಯನ್ನೂ ಸೇರಿಸಿದಳು. ಗಾಯ ತೊಳೆಯುವ ಘಾಟು ವಾಸನೆಯ ಔಷಧಿಯನ್ನು ಬಿಸಿನೀರಿಗೆ ಸುರಿದು, ಸೋಪು ಹಾಕಿ, ದಿನಕ್ಕೆ ಎಷ್ಟೋ ಸಲ ಒಳಗೂ ಹೊರಗೂ ತೊಳೆದುಕೊಂಡಳು. ತೊಳೆದ ಗಳಿಗೆ ಹಾಯೆನಿಸುತ್ತಿತ್ತು. ಆಮೇಲೆ ಇನ್ನೂ ಹೆಚ್ಚು ಉರಿಯುತ್ತಿತ್ತು. ಉರಿದರೆ ಮತ್ತೆ ತೊಳೆಯುತ್ತಿದ್ದಳು.

ತಂಪಿನಿಂದ ಏನೂ ಆಗದಿದ್ದಾಗ ಕೋಟೆ ಅತ್ತೆ ದನಿ ತಗ್ಗಿಸಿ ಎರಡನೆಯ ಕಾರಣ ಹೇಳಿದರು. ಕಾವಲ್ಲದಿದ್ದರೆ ಇದು ಗಂಡಸಿನಿಂದ ಬಂದಿರುತ್ತದೆ. ಮೈಸೂರಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವನು, ಯಾರಿಗೆ ಗೊತ್ತು.

ಇವಳು ಅದನ್ನು ನಂಬಿದಳೇ? ಕೇಳಿದರೆ ಇವತ್ತಿಗೂ ನಗುತ್ತಾಳೆ. ಪೂರ್ತಿ ನಂಬಲಿಲ್ಲ, ಪೂರ್ತಿ ಬಿಡಲೂ ಇಲ್ಲ ಎನ್ನುತ್ತಾಳೆ.

ಕೊನೆಗೆ ನಾನೇ ಫೋನು ಮಾಡಿ, ಹುಣಸೂರಿಗೆ ಬರುತ್ತೇನೆ, ಒಂದು ಸಲ ಮುಖ ತೋರಿಸಿ, ಇನ್ನು ಮಿರ್ಲೆಗೆ ಬರುವುದಿಲ್ಲ ಎಂದು ಹೇಳಿಬಿಡು ಎಂದೆ.  ಹುಣಸೂರಿಗೆ ಬರುತ್ತೇನೆ ಎಂದಳು. ಮನೆಯಲ್ಲಿ ಹಲ್ಲು ತೋರಿಸಿಕೊಂಡು ಬರುವುದಾಗಿ ಹೇಳಿ ಬಂದಳು. ಮಳೆಯೋ ಬಿಸಿಲೋ, ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡಾಗ ತೆಳ್ಳಗಾಗಿದ್ದಳು, ಕಣ್ಣ ಕೆಳಗೆ ಕಪ್ಪಾಗಿತ್ತು.  ಪಿರಿಯಾಪಟ್ಟಣದಲ್ಲಿ ಹೆಂಗಸರ ಡಾಕ್ಟರೊಬ್ಬರಿದ್ದಾರಂತೆ, ಅಲ್ಲಿಗೆ ಹೋಗೋಣ ಎಂದಳು. ಹುಣಸೂರಲ್ಲೇ ಇದ್ದಾರಲ್ಲ ಎಂದೆ. ಹುಣಸೂರಲ್ಲಿ ಯಾವ ಬೀದಿಗೆ ಹೋದರೂ ನಮ್ಮೂರಿನವರು ಒಬ್ಬರು ಇರುತ್ತಾರೆ, ಹೆಂಗಸರ ಡಾಕ್ಟರ ಮೆಟ್ಟಿಲು ಹತ್ತಿದ್ದು ಕಂಡರೆ ಸಂಜೆಯೊಳಗೆ ಸೀಮಂತದ ಮಾತು ಎದ್ದಿರುತ್ತದೆ ಎಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಕೂರುವಾಗ ಮುಖ ಕಿವುಚಿದಳು. ಊರು ದಾಟಿದ ಮೇಲೆ ಕಿಟಕಿಯ ಕಡೆಗೇ ನೋಡುತ್ತ ಹೇಳಿದಳು:

"ಒಂದು ಕೇಳ್ತೀನಿ. ಬೈಬಾರ್ದು."

"ಕೇಳು."

"ಮದ್ವೆಗೆ ಮುಂಚೆ ನಿಮ್ಗೆ ಏನಾದ್ರೂ ಕಾಯಿಲೆ ಇತ್ತಾ?"

ಏಳನೇ ಕ್ಲಾಸಿನಲ್ಲಿ ಟೈಫಾಯ್ಡ್ ಆಗಿತ್ತು ಎಂದೆ.

"ಆ ಥರದ್ದಲ್ಲ ಕಣ್ರೀ."

ಯಾವ ಥರದ್ದು ಎಂದು ನನಗೆ ಹೊಳೆಯುವ ಹೊತ್ತಿಗೆ ಕಂಪಲಾಪುರ ಬಂದಿತ್ತು. ಹೊಳೆದ ತಕ್ಷಣ ನಾನು ನಕ್ಕುಬಿಟ್ಟೆ. ಅದು ಸಮಾಧಾನದ ನಗು. ಇವಳು ನನ್ನನ್ನು ಬಿಟ್ಟು ಹೋಗುತ್ತಿಲ್ಲ, ಬರೀ ಅನುಮಾನ ಪಡುತ್ತಿದ್ದಾಳೆ. ಅನುಮಾನ ನನಗೆ ಗೊತ್ತಿರುವ ಊರು. ಆದರೆ ಅವಳ ಕಣ್ಣಲ್ಲಿ ನೀರು ಬಂತು.

"ನಗಾಡ್ತೀರಲ್ಲ. ಇಷ್ಟು ದಿನದಿಂದ ನೆಟ್ಟಗೆ ಕೂರಕ್ಕೂ ಆಗ್ತಿಲ್ಲ ನಂಗೆ."

ಆಮೇಲೆ ದನಿ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಮುಂದಿನ ಸೀಟಿನಲ್ಲಿ ಕೋಳಿಯೊಂದನ್ನು ಚೀಲದಲ್ಲಿಟ್ಟುಕೊಂಡು ಕೂತಿದ್ದವರಿಗೆ ಕೇಳಿಸಬಾರದೆಂದು ನಾನು ಅವಳ ಕಡೆಗೆ ಬಗ್ಗಿಕೊಂಡಿದ್ದೆ. ಮದುವೆಯಾದ ಮೇಲೆ ನಾವು ಅಷ್ಟು ಹತ್ತಿರ ಕೂತು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ನನಗೆ ಯಾವ ಕಾಯಿಲೆಯೂ ಇಲ್ಲ, ಬೇಕಾದರೆ ನನ್ನನ್ನೂ ಪರೀಕ್ಷೆ ಮಾಡಲಿ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು ಎಂದು ಬರೆಯಲು ಆಸೆ. ಹಿಡಿದುಕೊಂಡದ್ದು ಮುಂದಿನ ಸೀಟಿನ ಕಂಬಿಯನ್ನು ಎಂದು ಅವಳು ಹೇಳುತ್ತಾಳೆ.

ಡಾಕ್ಟರಿಗೆ ಐವತ್ತರ ಆಸುಪಾಸು. ಕನ್ನಡಕವನ್ನು ತಲೆ ಮೇಲೆ ಏರಿಸಿಕೊಂಡಿದ್ದರು. ಮೊದಲು ಇಬ್ಬರ ಊರು, ಕೆಲಸ ಕೇಳಿದರು. ನಾನು ಹೊರಗೆ ಹೊರಟರೆ, ಕೂತ್ಕೊಳ್ಳಿ ಮೇಷ್ಟ್ರೇ, ನೀವೂ ಕೇಳಿಸ್ಕೋಬೇಕು ಎಂದು ಕೂರಿಸಿದರು. ಬಿಳುಪು ಹೇಗೆ ಹೋಗುತ್ತದೆ ಎಂದು ಕೇಳಿದರು. ಇವಳು ನನ್ನ ಕಡೆ ಒಮ್ಮೆ ನೋಡಿ, ಒಡೆದ ಹಾಲಿನ ಥರ ಎಂದಳು. ಕೆಟ್ಟ ವಾಸನೆ? ಇಲ್ಲ. ಜ್ವರ, ಕಿಬ್ಬೊಟ್ಟೆ ನೋವು? ಇಲ್ಲ. ಇಬ್ಬರೂ ಒಟ್ಟಿಗಿದ್ದು ಎಷ್ಟು ದಿನವಾಯಿತು? ಇವಳು ತಲೆ ತಗ್ಗಿಸಿದಳು. ನಾನು, ಎರಡು ಆಷಾಢದ ಹಿಂದೆ ಮೇಡಂ ಎಂದೆ. ಡಾಕ್ಟರು ನಕ್ಕ ರಭಸಕ್ಕೆ ಕನ್ನಡಕ ಜಾರಿ ಮೂಗಿನ ಮೇಲೆ ಬಂತು. ನಾನು ಹೇಳಿದ್ದು ಬರೀ ಆಷಾಢಕ್ಕೆ ಮುಂಚೆ ಎಂದು, ಎರಡು ಎಂಬುದನ್ನು ಆಮೇಲೆ ಸೇರಿಸಿಕೊಂಡೆ ಎಂದು ಹೆಂಡತಿಯ ವಾದ. ಹಾಗಾದರೆ ಡಾಕ್ಟರು ನಕ್ಕದ್ದೇಕೆ ಎಂದು ನಾನು ಕೇಳುತ್ತೇನೆ.

ಈಚೆಗೆ ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಂಡೆಯಾ, ಕೆಮ್ಮಿಗೆ, ಜ್ವರಕ್ಕೆ ಎಂದು ಕೇಳಿದಾಗ ಇವಳು ಇಲ್ಲ ಎಂದಳು. ಅವಳ ಮಟ್ಟಿಗೆ ಹಲ್ಲು ಬೇರೆ, ಇದು ಬೇರೆ. ನಾನು ಹಲ್ಲಿನ ವಿಷಯ ಹೇಳಿದೆ. ಒಂದಾದ ಮೇಲೆ ಒಂದು ಎರಡು ಸಲ ಎಂದೂ ಹೇಳಿದೆ. ಬಿಸಿನೀರಿನ ಔಷಧಿಯ ವಿಷಯವನ್ನು ಇವಳೇ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ನೋಡಮ್ಮ, ಇದು ಬೂಷ್ಟಿನ ಜಾತಿದು. ಯೀಸ್ಟ್ ಅಂತಾರೆ. ಬಹಳ ಹೆಂಗಸರ ಮೈಯಲ್ಲಿ ಒಂಚೂರು ಇದ್ದೇ ಇರತ್ತೆ, ಏನೂ ಮಾಡಲ್ಲ. ಅದು ಜಾಸ್ತಿ ಆಗ್ದಂಗೆ ನೋಡ್ಕೊಳ್ಳೋ ಒಳ್ಳೇ ಬ್ಯಾಕ್ಟೀರಿಯಾನೂ ಅಲ್ಲೇ ಇರ್ತವೆ. ನಿನ್ನ ಹಲ್ಲಿನ ಮಾತ್ರೆ ಅವನ್ನೂ ಹೊಡೆದು ಹಾಕ್ತು. ಇದು ಹಬ್ಬ ಮಾಡ್ಕೊಂಡು ಕೂತಿದೆ. ಅದರ ಮೇಲೆ ನೀನು ದಿನಾ ಔಷಧಿ ನೀರು ಬೇರೆ."

"ಅಂಗಾದ್ರೆ ಬ್ಯಾರನ್ ಕಾವಲ್ವಾ?"

"ಅಲ್ಲ."

"ಇವ್ರಿಂದ ಬಂದಿದ್ದೂ ಅಲ್ವಾ?"

ಡಾಕ್ಟರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಇವ್ರಿಂದ ತಲೆನೋವು ಬರ್ಬೋದು. ಇದಲ್ಲ."

ನಾನು ಸುಮ್ಮನಿರಬೇಕಿತ್ತು. ಪರೀಕ್ಷೆ ಮಾಡದೆ ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಅವರು ಬೇಸರ ಪಡಲಿಲ್ಲ. ಇವಳನ್ನು ಒಳಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿ, ಹತ್ತಿಯಲ್ಲಿ ಸ್ವಲ್ಪ ತೆಗೆದು ಪಕ್ಕದ ಲ್ಯಾಬಿಗೆ ಕಳಿಸಿದರು. ರಕ್ತದಲ್ಲಿ ಸಕ್ಕರೆ ನೋಡಿಸಿದರು. ಬಸುರಿಯಲ್ಲ ಎಂಬುದನ್ನೂ ಖಾತ್ರಿ ಮಾಡಿಕೊಂಡರು, ಏಕೆಂದರೆ ಬಸುರಿಯರಿಗೆ ಇದು ಬೇಗ ಬರುತ್ತದೆ, ಇದಕ್ಕೆ ನುಂಗುವ ಮಾತ್ರೆಯನ್ನೂ ಅವರಿಗೆ ಕೊಡುವುದಿಲ್ಲವಂತೆ. ಲ್ಯಾಬಿನವರು ನನಗೆ ಸೂಕ್ಷ್ಮದರ್ಶಕದಲ್ಲಿ ನೋಡಲು ಬಿಟ್ಟರು. ದಾರಕ್ಕೆ ಮಣಿ ಪೋಣಿಸಿದ ಹಾಗೆ ಇತ್ತು. ಇದು ಕೂಡ ಅನುಮಾನವೇ. ಆಮೇಲೆ ಪುಸ್ತಕಗಳಲ್ಲಿ ನೋಡಿದ ಚಿತ್ರವೇ ಆ ಗಾಜಿನ ಮೇಲೆ ಬಂದು ಕೂತಿರಬಹುದು. ನೀವು ಲ್ಯಾಬಿನೊಳಗೆ ಹೋಗಲೇ ಇಲ್ಲ, ಹೊರಗೆ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಿದ್ದಿರಿ ಎನ್ನುತ್ತಾಳೆ ಹೆಂಡತಿ. ಕಡಲೆಕಾಯಿ ತಿಂದದ್ದು ನನಗೂ ನೆನಪಿದೆ.

ಔಷಧಿ ದೊಡ್ಡದೇನಿರಲಿಲ್ಲ. ಮಲಗುವಾಗ ಒಳಗೆ ಇಟ್ಟುಕೊಳ್ಳುವ ಮಾತ್ರೆ, ಹೊರಗೆ ಹಚ್ಚಲು ಮುಲಾಮು. ಮೂರ್ನಾಲ್ಕು ದಿನಕ್ಕೆ ನವೆ ನಿಂತರೂ ಕೊಟ್ಟದ್ದನ್ನು ಮುಗಿಸಬೇಕು ಎಂದರು. ಒಳಗೆ ಏನನ್ನೂ ಸುರಿಯಬಾರದು, ಅದು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಹೊರಗೆ ಬರಿ ನೀರು ಸಾಕು, ತೊಳೆದು ಒರೆಸಿ ಒಣಗಿಸಿಕೊಳ್ಳಬೇಕು. ಒದ್ದೆ ಬಟ್ಟೆಯಲ್ಲಿ ಕೂರಬಾರದು, ಒಳಬಟ್ಟೆ ಹತ್ತಿಯದಿರಲಿ, ಬಿಗಿ ಬೇಡ. ಕಡಿಮೆಯಾಗುವ ತನಕ ಗಂಡ ಹೆಂಡತಿ ದೂರವಿದ್ದರೆ ಅವಳಿಗೇ ಆರಾಮ. ನನಗೆ ನವೆ, ಕೆಂಪು ಏನೂ ಇಲ್ಲವಾದ್ದರಿಂದ ಔಷಧಿ ಬೇಕಿಲ್ಲ. ಮುಟ್ಟಿಗೆ ಮುಂಚೆ, ನಡುವೆ ಸ್ವಲ್ಪ ಬಿಳುಪು ಹೋಗುವುದು ಎಲ್ಲರಿಗೂ ಇದ್ದದ್ದೇ, ಅದು ಕಾಯಿಲೆಯಲ್ಲ ಎಂಬುದನ್ನೂ ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿ, ಮತ್ತೆ ಬಂದರೆ ಇದೇ ಚೀಟಿ ಹಿಡಿದುಕೊಂಡು ಮೆಡಿಕಲ್ ಸ್ಟೋರಿಗೆ ಹೋಗಬೇಡಿ, ನವೆಯೆಲ್ಲ ಇದೇ ಆಗಿರಬೇಕಿಲ್ಲ, ವಾಸನೆ, ಜ್ವರ, ಹುಣ್ಣು ಇದ್ದರೆ ಬೇರೆಯದೇ ಇರುತ್ತದೆ, ಪದೇ ಪದೇ ಬಂದರೂ ಕಾರಣ ಹುಡುಕಬೇಕು ಎಂದರು. ನಾನು ಮನೆಗೆ ಹೋಗಿ ಪ್ರತಿಯೊಂದನ್ನೂ ಓದಿ ತಾಳೆ ನೋಡಿದೆ. ತಪ್ಪೊಂದೂ ಸಿಗಲಿಲ್ಲ.

ಇವತ್ತೇ ಮಿರ್ಲೆಗೆ ಹೋಗೋಣ ಎಂದು ನಾನು ಪಿರಿಯಾಪಟ್ಟಣದಲ್ಲಿ ಹೇಳಿದೆ. ಅವಳು ಒಪ್ಪಲಿಲ್ಲ. ಹೊಸ ಮನೆಯಲ್ಲಿ ಅತ್ತೆಯ ಕಣ್ಣ ಮುಂದೆ ಈ ಮಾತ್ರೆ, ಮುಲಾಮು ಎಲ್ಲ ಆಗುವುದಿಲ್ಲ, ವಾಸಿ ಮಾಡಿಕೊಂಡು ಬರುತ್ತೇನೆ ಎಂದಳು. ಹುಣಸೂರಲ್ಲಿ ಅವಳನ್ನು ಇಳಿಸಿ ನಾನೊಬ್ಬನೇ ಕೆ.ಆರ್. ನಗರದ ಬಸ್ಸು ಹತ್ತಿದೆ. ಗೌರಿ ಹಬ್ಬ ಇನ್ನೂ ಮುಂದಿತ್ತು. ಬರುತ್ತಾಳೆಯೇ ಎಂಬ ಪ್ರಶ್ನೆ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು.

ಮಾತ್ರೆ ಮುಚ್ಚಿಡುವುದು ಸುಲಭವಾಯಿತು. ಬಟ್ಟೆ ಒಣಗಿಸುವುದು ಕಷ್ಟವಾಯಿತು. ಆ ಮನೆಯಲ್ಲಿ, ನಮ್ಮ ಮನೆಯಲ್ಲೂ, ಹೆಂಗಸರ ಒಳಬಟ್ಟೆಯನ್ನು ತಂತಿಯ ಮೇಲೆ ಸೀರೆಯ ಅಡಿಯಲ್ಲಿ ಮುಚ್ಚಿ ಹರವುವುದು ರೂಢಿ. ಬಿಸಿಲು ಕಾಣದ ಬಟ್ಟೆ ಜಡಿಮಳೆಯಲ್ಲಿ ಎಲ್ಲಿ ಒಣಗಬೇಕು? ತಣ್ಣಗಿರುವುದನ್ನೇ ಎತ್ತಿ ಉಟ್ಟುಕೊಳ್ಳಬೇಕು. ಆ ಮಳೆಯಲ್ಲಿ ಇಡೀ ಮನೆಗೆ ಒಣಗಿದ್ದ ಜಾಗ ಒಂದೇ, ಬ್ಯಾರನ್ನಿನ ಹಿಂಬದಿಯ ಗೋಡೆ. ಒಳಗೆ ಸೊಪ್ಪು ಬೇಯುತ್ತಿದ್ದರೆ ಹೊರಗೆ ಗೋಡೆ ರೊಟ್ಟಿ ಹೆಂಚಿನ ಹಾಗೆ ಬೆಚ್ಚಗಿರುತ್ತದೆ, ಮೇಲೆ ಶೀಟಿನ ಮಾಡು ಬೇರೆ ಚಾಚಿಕೊಂಡಿದೆ. ಇವಳು ಸೌದೆಯ ಹಿಂದೆ ಒಂದು ಹಗ್ಗ ಕಟ್ಟಿ, ಲಂಗ, ಒಳಬಟ್ಟೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಅಲ್ಲಿ ನೇತು ಹಾಕಿದಳು. ಮತ್ತೆ ಫೋನೂ ಶುರುವಾಯಿತು. ಹಗ್ಗದ ಪಕ್ಕ ಕೂತೇ ಮಾತಾಡುತ್ತಿದ್ದಳು.

ಕೋಟೆ ಅತ್ತೆ ನೋಡಿದರು. ಕಾವು ಹೊಡೆದವಳು ಕಾವಿನ ಗೋಡೆಗೇ ಬಟ್ಟೆ ಹಾಕಿದ್ದಾಳೆ. ಅದೂ ಬೆಂಕಿ ಹಾಕುವ ಗಂಡಸರು ಓಡಾಡುವ ಕಡೆ. ಬಾಯಿಗೆ ಬಂದಹಾಗೆ ಬೈದರು. ಇವಳು ಬೈಸಿಕೊಂಡು, ಡಾಕ್ಟರು ಹೇಳಿದ್ದನ್ನೆಲ್ಲ ಡಾಕ್ಟರ ದನಿಯಲ್ಲೇ ಅಣಕ ಮಾಡಿ ಹೇಳಿದಳು, ಬೂಷ್ಟಿನ ಹಬ್ಬವನ್ನೂ ಸೇರಿಸಿ. ಅತ್ತೆ ಎದ್ದು ಹೋದರು.

ಒಂದೆರಡು ದಿನ ಕಳೆದ ಮೇಲೆ ಹಗ್ಗದ ತುದಿಯಲ್ಲಿ ಇನ್ನೊಂದು ಲಂಗ ನೇತಾಡುತ್ತಿತ್ತು. ಹಳೆಯದು, ಬಣ್ಣ ಹೋದದ್ದು, ಅಂಚಿಗೆ ಬೇರೆ ಬಟ್ಟೆ ಹೊಲಿದದ್ದು. ಕೋಟೆ ಅತ್ತೆಯದು.

ಇದನ್ನು ಹೇಳುವಾಗ ಫೋನಿನಲ್ಲಿ ಇವಳು ನಗುತ್ತಿದ್ದಳು. ಹಲ್ಲು ಊದಿದಂದಿನಿಂದ ಕೇಳದಿದ್ದ ನಗು. ಆಮೇಲೆ ತಟಕ್ಕನೆ ನಿಲ್ಲಿಸಿ, ಅತ್ತೆ ಕೇಳಿದ್ದನ್ನು ಹೇಳಿದಳು. ಸೊಪ್ಪು ಕಟ್ಟುತ್ತ ಕೂತಿದ್ದಾಗ, ತಲೆಯೆತ್ತದೆ, ಬೇರೆ ಯಾರಿಗೋ ಎಂಬ ಹಾಗೆ ಕೇಳಿದರಂತೆ:

"ಆ ಡಾಕ್ಟ್ರಮ್ಮ ವಯಸ್ಸಾದೋರ್ನೂ ನೋಡ್ತಾರಾ?"

ಅವರಿಗೆ ಎಷ್ಟೋ ವರ್ಷದಿಂದ ನವೆ ಇತ್ತು. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬ್ಯಾರನ್ ಕಾವು ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಕೋಟೆಯ ಮನೆಯಲ್ಲಿ ಬ್ಯಾರನ್ ಇರಲಿಲ್ಲ, ಆಗಲೂ ಇತ್ತಲ್ಲ ಅತ್ತೆ ಎಂದು ಇವಳು ಕೇಳಿದ್ದಕ್ಕೆ, ಅವಾಗ ಒಲೆ ಕಾವು ಅಂದ್ಕಂಡಿದ್ದೆ ಬುಡು ಎಂದರಂತೆ. ಇವಳೇ ಅವರನ್ನು ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋದಳು. ಕೋಟೆ ಅತ್ತೆಗೆ ಸಕ್ಕರೆ ಕಾಯಿಲೆ ಇರುವುದು ಅವತ್ತು ಗೊತ್ತಾಯಿತು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಇದು ಮತ್ತೆ ಮತ್ತೆ ಬರುತ್ತದಂತೆ. ಸಕ್ಕರೆಯ ಮಾತ್ರೆ ಶುರುವಾದ ಮೇಲೆ ನವೆಯೂ ಬರುವುದು ಕಡಿಮೆಯಾಯಿತು.

ಗೌರಿ ಹಬ್ಬಕ್ಕೆ ಇನ್ನೂ ದಿನವಿರುವಾಗಲೇ ಇವಳು ಮಿರ್ಲೆಗೆ ಬಂದಳು. ಬರುತ್ತೇನೆ ಎಂದು ಫೋನು ಮಾಡಿರಲಿಲ್ಲ. ನಾನು ಕಾಲೇಜಿನಿಂದ ಬಂದಾಗ ಬಾಗಿಲಲ್ಲಿ ಅವಳ ಚಪ್ಪಲಿ ಇತ್ತು. ಚಪ್ಪಲಿಯನ್ನು ಎಷ್ಟು ಹೊತ್ತು ನೋಡಿದೆನೋ, ಒಳಗಿನಿಂದ ಅಮ್ಮ, ಅಲ್ಲೇ ನಿಂತ್ಕಂಡೇನ್ಲಾ ಮಾಡ್ತಿದ್ದೀಯೆ ಎಂದು ಕೂಗಿದಳು. ಇವಳನ್ನು ಕರೆದುಕೊಂಡು ಬಂದಿದ್ದವರು ಕೋಟೆ ಅತ್ತೆ. ಅವರು ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, ಚೆನ್ನಾಗಿದ್ದೀರಾ ಅಳಿಯಂದ್ರೇ ಎಂದು ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಹಾಸ್ಟೆಲಿನಲ್ಲಿ ಓದಿದವನ ಮೇಲಿನ ಅನುಮಾನ ಹಿಂದಕ್ಕೆ ಪಡೆದುಕೊಂಡ ಹಾಗಿತ್ತು. ಅವರೂ ಅಮ್ಮನೂ ಹಿತ್ತಲಲ್ಲಿ ಅವರೆಕಾಳೋ ಹುರುಳಿಯೋ ಏನನ್ನೋ ಹಸನು ಮಾಡುತ್ತ ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೋ ಗೊತ್ತಿಲ್ಲ. ಆ ವಾರದಿಂದ ನಮ್ಮ ಮನೆಯ ತಾರಸಿಯಲ್ಲಿ ಹೆಂಗಸರ ಒಳಬಟ್ಟೆ ಸೀರೆಯ ಅಡಿಯಿಂದ ಹೊರಗೆ ಬಂದು ಬಿಸಿಲಿಗೆ ಒಣಗತೊಡಗಿತು. 

ಈಗ ಇವಳು ನೆಂಟರ ಹೆಣ್ಣುಮಕ್ಕಳಿಗೆ, ಪಕ್ಕದ ಮನೆಯವರಿಗೆ ಈ ಕತೆಯನ್ನು ಎಗ್ಗಿಲ್ಲದೆ ಹೇಳುತ್ತಾಳೆ. ಬಿಸಿನೀರಿನ ಔಷಧಿ ಬೇಡ, ಹಲ್ಲಿನ ಮಾತ್ರೆಯನ್ನು ಎರಡನೇ ಸಲ ಕೇಳದೆ ನುಂಗಬೇಡಿ ಎಂದೆಲ್ಲ ಹೇಳಿ, ಕೊನೆಗೆ ನಾನು ಅಲ್ಲಿದ್ದರೆ ಬೇಕೆಂದೇ ಒಂದು ಮಾತು ಸೇರಿಸುತ್ತಾಳೆ. ತವರಿಗೆ ಹೋದ ಸ್ವಲ್ಪ ದಿನಕ್ಕೇ ಶುರುವಾಯ್ತು, ಇವರಿಂದಲೇ ಅಂದ್ಕೊಂಡಿದ್ದೆ ಎನ್ನುತ್ತಾಳೆ. ಎಲ್ಲರೂ ನನ್ನ ಕಡೆ ನೋಡುತ್ತಾರೆ. ಸ್ವಲ್ಪ ದಿನಕ್ಕಲ್ಲ, ಒಂದು ಆಷಾಢ ಪೂರ್ತಿ ಕಳೆದು ಎರಡನೆಯದರಲ್ಲಿ ಶುರುವಾಯಿತು ಎಂದು ನಾನು ತಿದ್ದುತ್ತೇನೆ. ಎರಡನೆಯದು ಎಲ್ಲಿಂದ ಬಂತು ರೀ ಎಂದು ಅವಳು ನಗುತ್ತಾಳೆ. ಡಾಕ್ಟರು ನನ್ನನ್ನು ಬಿಡುಗಡೆ ಮಾಡಿದ್ದಾರೆ, ಎಷ್ಟು ಆಷಾಢವಾದರೂ ಅದರಿಂದ ಏನೂ ಬದಲಾಗುವುದಿಲ್ಲ ಎಂಬುದು ಗೊತ್ತು. ಆದರೂ ನನಗೆ ಅದು ಬೇಕಾಗಿತ್ತು. ಅವಳಿಲ್ಲದ ದಿನಗಳು ನನ್ನ ತಲೆಯಲ್ಲಿ ಸುಮ್ಮನೆ ಉದ್ದವಾದವೋ, ಇಲ್ಲ ನಿಜವಾಗಿಯೂ ಅಷ್ಟು ಉದ್ದ ಇದ್ದವೋ ತಿಳಿಯಬೇಕಿತ್ತು.

ಇದನ್ನು ಬರೆಯಲು ಕೂತಾಗ ದೇವಸ್ಥಾನಕ್ಕೆ ಹೋದೆ. ಅಂದಿನ ಐನೋರು ಈಗಿಲ್ಲ, ಅವರ ಮಗ ಪೂಜೆ ಮಾಡುತ್ತಾರೆ. ಅಪ್ಪ ನನ್ನಮ್ಮನಿಗೆ ಏನು ಹೇಳಿದ್ದರು ಎಂಬುದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಹಳೆಯ ಪಂಚಾಂಗಗಳನ್ನು ಅಟ್ಟದಿಂದ ಇಳಿಸಿ ಕೊಟ್ಟರು. ನಮ್ಮ ಮದುವೆಯ ವರ್ಷದ್ದು ಸಿಕ್ಕಿತು, ಇಲಿ ಮೂಲೆ ಕಡಿದಿತ್ತು. ನಿಂತಲ್ಲೇ ಪುಟ ತಿರುಗಿಸಿದೆ. ಹುಣಸೂರಲ್ಲಿ ಮಳೆ ಬಂದಿತ್ತೋ, ಲ್ಯಾಬಿನಲ್ಲಿ ನಾನು ಮಣಿಸರ ಕಂಡೆನೋ, ಬಸ್ಸಿನಲ್ಲಿ ಅವಳು ಹಿಡಿದದ್ದು ಕೈಯೋ ಕಂಬಿಯೋ, ಯಾವುದೂ ಆ ಪುಸ್ತಕದಲ್ಲಿ ಇರಲಿಲ್ಲ. ಇದ್ದದ್ದು ಇಷ್ಟು: ಜ್ಯೇಷ್ಠ ಮುಗಿದ ಮೇಲೆ ಅಧಿಕ ಆಷಾಢ, ಅದು ಮುಗಿದ ಮೇಲೆ ನಿಜ ಆಷಾಢ. ಆ ವರ್ಷ ಆಷಾಢ ಎರಡಿತ್ತು.